ಮೈಕ್ರೋಫ್ಲೂಯಿಡಿಕ್ ಸಾಧನಗಳಿಂದ ಪರಿಚಲಿತ ಗಡ್ಡೆಕೋಶಗಳ ಬೇರ್ಪಡಿಕೆ

ಪರಿಚಲಿತ ಗಡ್ಡೆಕೋಶಗಳು ಎಂದರೆ ಕ್ಯಾನ್ಸರ್ ಗಡ್ಡೆಯಿಂದ ಕಳಚಿಕೊಂಡು ರಕ್ತಪ್ರವಾಹವನ್ನು ಸೇರಿ ದೇಹದಲ್ಲಿ ಸಂಚರಿಸುವ ಜೀವಕೋಶಗಳು. ವೈದ್ಯಕೀಯ ಬಳಕೆಯಲ್ಲಿ ಇವುಗಳನ್ನು ಸಂಕ್ಷೇಪವಾಗಿ ಸಿಟಿಸಿ ಎಂದು ಕರೆಯಲಾಗುತ್ತದೆ. ಒಂದು ಅಂಗದಲ್ಲಿ ಹುಟ್ಟಿದ ಕ್ಯಾನ್ಸರ್ ಮತ್ತೊಂದು ಅಂಗಕ್ಕೆ ಹರಡುವುದು ಬಹುಮಟ್ಟಿಗೆ ಇಂತಹ ಕೋಶಗಳ ಮೂಲಕವೇ. ರೋಗಿಯ ತೋಳಿನಿಂದ ತೆಗೆದ ಕೆಲವು ಮಿಲಿಲೀಟರ್ ರಕ್ತದಲ್ಲಿ ಈ ಕೋಶಗಳನ್ನು ಹುಡುಕಿ, ಎಣಿಸಿ, ಪರೀಕ್ಷಿಸಲು ಹಲವು ವಿಧಾನಗಳಿವೆ. ಅವುಗಳಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳುಳ್ಳ ಚಿಪ್ಪಿನ ಮೂಲಕ ರಕ್ತವನ್ನು ಹಾಯಿಸಿ ಕ್ಯಾನ್ಸರ್ ಕೋಶಗಳನ್ನು ಮಾತ್ರ ತಡೆಹಿಡಿಯುವ ವಿಧಾನಕ್ಕೆ ಮೈಕ್ರೋಫ್ಲೂಯಿಡಿಕ್ ಬೇರ್ಪಡಿಕೆ ಎಂದು ಹೆಸರು. ಅಂಗಾಂಶದ ತುಣುಕನ್ನು ಕತ್ತರಿಸಿ ತೆಗೆಯುವ ಬಯಾಪ್ಸಿಗೆ ಹೋಲಿಸಿ, ರಕ್ತದಿಂದಲೇ ಗಡ್ಡೆಯ ವಿಚಾರ ತಿಳಿಯುವ ಇಂತಹ ಪರೀಕ್ಷೆಗಳನ್ನು ದ್ರವ ಬಯಾಪ್ಸಿ ಎನ್ನುತ್ತಾರೆ.

ಹಿನ್ನೆಲೆ

ರಕ್ತದಲ್ಲಿ ಕ್ಯಾನ್ಸರ್ ಕೋಶಗಳಿರುವುದನ್ನು ಮೊದಲು ದಾಖಲಿಸಿದವನು ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್ವರ್ತ್. 1869ರಲ್ಲಿ ಆತ ಕ್ಯಾನ್ಸರಿನಿಂದ ಮೃತಪಟ್ಟ ವ್ಯಕ್ತಿಯೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಆತನ ದೇಹದ ಗಡ್ಡೆಗಳಲ್ಲಿದ್ದ ಕೋಶಗಳನ್ನೇ ಹೋಲುವ ಕೋಶಗಳು ರಕ್ತದಲ್ಲಿಯೂ ಕಂಡುಬಂದವು. ಒಂದೇ ದೇಹದಲ್ಲಿ ಹಲವೆಡೆ ಗಡ್ಡೆಗಳು ಏಳುವುದಕ್ಕೆ ಇದು ಕಾರಣವಾಗಿರಬಹುದೆಂದು ಆತ ಸೂಚಿಸಿದನು.

1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್, ಕ್ಯಾನ್ಸರ್ ಹರಡುವಿಕೆಯನ್ನು ಬೀಜ ಮತ್ತು ನೆಲದ ಸಂಬಂಧಕ್ಕೆ ಹೋಲಿಸಿ ಒಂದು ಸಿದ್ಧಾಂತವನ್ನು ಮಂಡಿಸಿದನು. ಬೀಜಗಳು ಎಲ್ಲ ದಿಕ್ಕಿಗೂ ತೂರಿಹೋದರೂ ಹದವಾದ ನೆಲದಲ್ಲಿ ಬಿದ್ದವು ಮಾತ್ರ ಮೊಳೆಯುತ್ತವೆ. ಹಾಗೆಯೇ ರಕ್ತದಲ್ಲಿ ಸಂಚರಿಸುವ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ನಾಶವಾಗಿ, ಅನುಕೂಲವಾದ ಅಂಗವನ್ನು ತಲುಪಿದ ಕೆಲವು ಮಾತ್ರ ಅಲ್ಲಿ ಹೊಸ ಗಡ್ಡೆಯಾಗಿ ಬೆಳೆಯುತ್ತವೆ. ಈ ವಿಚಾರ ಇಂದಿಗೂ ಕ್ಯಾನ್ಸರ್ ಅಧ್ಯಯನದಲ್ಲಿ ಆಧಾರವಾಗಿ ಉಳಿದಿದೆ. ಆದರೆ ಹಾರುತ್ತಿರುವ ಬೀಜವನ್ನೇ ಹಿಡಿದು ನೋಡುವ ಸಾಧನಗಳು ದೊರೆಯಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಬೇರ್ಪಡಿಕೆಯ ಕಷ್ಟ

ಪರಿಚಲಿತ ಗಡ್ಡೆಕೋಶಗಳು ಅತ್ಯಂತ ವಿರಳ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳೂ 40ರಿಂದ 110 ಲಕ್ಷ ಬಿಳಿ ರಕ್ತಕಣಗಳೂ ಇರುತ್ತವೆ. ಕ್ಯಾನ್ಸರ್ ಹರಡಿರುವ ರೋಗಿಯಲ್ಲಿಯೂ ಅದೇ ಪ್ರಮಾಣದ ರಕ್ತದಲ್ಲಿ ಗಡ್ಡೆಕೋಶಗಳ ಸಂಖ್ಯೆ ಸಾಮಾನ್ಯವಾಗಿ ಒಂದರಿಂದ ಹತ್ತರೊಳಗೆ ಇರುತ್ತದೆ. ಅನೇಕ ವೇಳೆ ಒಂದೂ ದೊರೆಯುವುದಿಲ್ಲ. ಪರೀಕ್ಷೆಗೆ ತೆಗೆಯುವ 7.5 ಮಿಲಿಲೀಟರ್ ರಕ್ತದಲ್ಲಿ ಐದು ಗಡ್ಡೆಕೋಶಗಳಿವೆ ಎಂದುಕೊಂಡರೆ, ಅವನ್ನು ಸುಮಾರು 3750 ಕೋಟಿ ಕೆಂಪು ಕಣಗಳ ಹಾಗೂ 3ರಿಂದ 8 ಕೋಟಿ ಬಿಳಿ ಕಣಗಳ ನಡುವೆ ಹುಡುಕಬೇಕಾಗುತ್ತದೆ.

ಕೆಂಪು ರಕ್ತಕಣಗಳನ್ನು ನೀಗಿಸುವುದು ಕಷ್ಟವಲ್ಲ; ಅವು ಗಾತ್ರದಲ್ಲಿ ಚಿಕ್ಕವು, ಅವಕ್ಕೆ ಕೋಶಕೇಂದ್ರವೂ ಇಲ್ಲ. ನಿಜವಾದ ತೊಡಕು ಬಿಳಿ ರಕ್ತಕಣಗಳದ್ದು. ಇವುಗಳಲ್ಲಿ ದೊಡ್ಡವು ಚಿಕ್ಕ ಗಡ್ಡೆಕೋಶಗಳಷ್ಟೇ ಗಾತ್ರದವಾಗಿದ್ದು, ಎರಡಕ್ಕೂ ಕೋಶಕೇಂದ್ರವಿರುತ್ತದೆ. ಇದರೊಂದಿಗೆ, ಗಡ್ಡೆಕೋಶಗಳು ರಕ್ತದಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ. ಪ್ರವಾಹದ ಒತ್ತಡ, ದೇಹದ ರಕ್ಷಣಾ ಕೋಶಗಳ ದಾಳಿ, ಆಸರೆಯಿಲ್ಲದ ಸ್ಥಿತಿ ಇವುಗಳಿಂದಾಗಿ ಕೆಲವೇ ಗಂಟೆಗಳಲ್ಲಿ ಬಹುಪಾಲು ಕೋಶಗಳು ನಾಶವಾಗುತ್ತವೆ. ಆದುದರಿಂದ ಬೇರ್ಪಡಿಸುವ ಸಾಧನವು ಒಂದು ಕೋಶವನ್ನೂ ತಪ್ಪಿಸಿಕೊಳ್ಳಲು ಬಿಡದಂತಿರಬೇಕು, ಬೇಡದ ಕೋಶಗಳನ್ನು ಒಳಗೆ ಬಿಟ್ಟುಕೊಳ್ಳಬಾರದು, ಹಿಡಿದ ಕೋಶವನ್ನು ಹಾಳುಮಾಡಬಾರದು, ಬೇಗನೆ ಕೆಲಸವನ್ನೂ ಮುಗಿಸಬೇಕು. ಈ ನಾಲ್ಕು ಬೇಡಿಕೆಗಳು ಒಂದಕ್ಕೊಂದು ಅಡ್ಡಬರುವಂಥವು.

ಮೈಕ್ರೋಫ್ಲೂಯಿಡಿಕ್ಸ್ ತತ್ತ್ವ

ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರೋಮೀಟರ್ ಎನ್ನುತ್ತಾರೆ. ಹತ್ತಾರು ಅಥವಾ ನೂರಾರು ಮೈಕ್ರೋಮೀಟರ್ ಅಗಲದ ಕಾಲುವೆಗಳಲ್ಲಿ ದ್ರವದ ಹರಿವನ್ನು ನಿಯಂತ್ರಿಸುವ ವಿಜ್ಞಾನವೇ ಮೈಕ್ರೋಫ್ಲೂಯಿಡಿಕ್ಸ್. ಕೆಂಪು ರಕ್ತಕಣದ ವ್ಯಾಸ 6ರಿಂದ 8 ಮೈಕ್ರೋಮೀಟರ್. ಅಂದರೆ ಇಂತಹ ಕಾಲುವೆಗಳ ಅಳತೆ ಜೀವಕೋಶಗಳ ಅಳತೆಗೆ ಹತ್ತಿರವಾಗಿರುವುದರಿಂದ ಒಂದೊಂದು ಕೋಶದ ಚಲನೆಯನ್ನೂ ನಿರ್ದೇಶಿಸಲು ಸಾಧ್ಯವಾಗುತ್ತದೆ.

ಇಷ್ಟು ಚಿಕ್ಕ ಕಾಲುವೆಯಲ್ಲಿ ದ್ರವದ ನಡವಳಿಕೆಯೇ ಬೇರೆ. ಹೊಳೆಯ ನೀರಿನಲ್ಲಿ ಸುಳಿಗಳೇಳುತ್ತವೆ. ಸೂಕ್ಷ್ಮ ಕಾಲುವೆಯಲ್ಲಿ ದ್ರವವು ಪದರಪದರವಾಗಿ, ಒಂದು ಪದರ ಇನ್ನೊಂದರೊಡನೆ ಬೆರೆಯದೆ ಸಾಗುತ್ತದೆ. ಇದನ್ನು ಸ್ತರೀಯ ಪ್ರವಾಹ ಎನ್ನುತ್ತಾರೆ. ದ್ರವದ ಜಡತ್ವಕ್ಕೂ ಅದರ ಸ್ನಿಗ್ಧತೆಗೂ ಇರುವ ಅನುಪಾತವನ್ನು ರೆನಾಲ್ಡ್ಸ್ ಸಂಖ್ಯೆ ಸೂಚಿಸುತ್ತದೆ. ಸಾಮಾನ್ಯ ಕೊಳವೆಯಲ್ಲಿ ಈ ಸಂಖ್ಯೆ ಸುಮಾರು 2000ವನ್ನು ದಾಟಿದ ಮೇಲೆ ಹರಿವು ಪ್ರಕ್ಷುಬ್ಧವಾಗತೊಡಗುತ್ತದೆ. 100 ಮೈಕ್ರೋಮೀಟರ್ ಅಗಲದ ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ ಹರಿಯುವ ನೀರಿಗೆ ಇದು ಕೇವಲ 0.1 ಆಗುತ್ತದೆ. ಹರಿವು ಇಷ್ಟು ಶಿಸ್ತಿನದಾಗಿರುವುದರಿಂದ ಕೋಶವು ಯಾವ ದಾರಿಯಲ್ಲಿ ಸಾಗುವುದೆಂಬುದನ್ನು ಮೊದಲೇ ಲೆಕ್ಕಹಾಕಿ ಚಿಪ್ಪನ್ನು ವಿನ್ಯಾಸಗೊಳಿಸಬಹುದು.

ಚಿಪ್ಪುಗಳನ್ನು ಸಿಲಿಕಾನ್, ಗಾಜು ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ತಯಾರಿಸುತ್ತಾರೆ. ಸಂಶೋಧನಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಡಿಎಂಎಸ್ ಎಂಬ ರಬ್ಬರಿನಂತಹ ಸಿಲಿಕೋನ್ ವಸ್ತು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನ ನೆರವಿನಿಂದ ಕಾಲುವೆಗಳ ಉಬ್ಬಚ್ಚನ್ನು ಮೂಡಿಸಿ, ಅದರ ಮೇಲೆ ದ್ರವರೂಪದ ಪಿಡಿಎಂಎಸ್ ಸುರಿದು, ಬಿಸಿಯಲ್ಲಿ ಗಟ್ಟಿಗೊಳಿಸಿ, ಸುಲಿದು ತೆಗೆದು, ಗಾಜಿನ ಪಟ್ಟಿಗೆ ಅಂಟಿಸಲಾಗುತ್ತದೆ. ಒಂದು ಅಚ್ಚಿನಿಂದ ಅನೇಕ ಚಿಪ್ಪುಗಳನ್ನು ಪಡೆಯಬಹುದು.

ಬೇರ್ಪಡಿಸುವ ವಿಧಾನಗಳು

ರಾಶಿ ಮಾಡುವಾಗ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸಲು ತೂರುವುದು, ಜರಡಿ ಹಿಡಿಯುವುದು, ಕೈಯಿಂದ ಆರಿಸುವುದು ಎಂಬ ಬೇರೆಬೇರೆ ಕ್ರಮಗಳಿರುವಂತೆ ಗಡ್ಡೆಕೋಶಗಳ ಬೇರ್ಪಡಿಕೆಯಲ್ಲಿಯೂ ಹಲವು ಕ್ರಮಗಳಿವೆ. ಕೋಶದ ಮೇಲ್ಮೈಯಲ್ಲಿರುವ ಪ್ರೋಟೀನಿನ ಗುರುತನ್ನು ಆಧರಿಸಿದವು ಮತ್ತು ಕೋಶದ ಗಾತ್ರ, ಮೆದುತನ ಮೊದಲಾದ ಭೌತಿಕ ಗುಣಗಳನ್ನು ಆಧರಿಸಿದವು ಎಂದು ಇವನ್ನು ಎರಡು ಗುಂಪು ಮಾಡುವುದು ರೂಢಿ.

ಪ್ರತಿಕಾಯ ಲೇಪಿತ ಕಂಬಗಳು

ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್ ಮೊದಲಾದ ಅಂಗಗಳ ಒಳಪದರದ ಕೋಶಗಳ ಮೇಲೆ ಎಪ್‌ಕ್ಯಾಮ್ ಎಂಬ ಪ್ರೋಟೀನ್ ಇರುತ್ತದೆ. ರಕ್ತಕಣಗಳ ಮೇಲೆ ಇದು ಇರುವುದಿಲ್ಲ. ಚಿಪ್ಪಿನ ಒಳಗಿನ ಸೂಕ್ಷ್ಮ ಕಂಬಗಳಿಗೆ ಎಪ್‌ಕ್ಯಾಮಿಗೆ ಅಂಟುವ ಪ್ರತಿಕಾಯವನ್ನು ಲೇಪಿಸಿ ರಕ್ತವನ್ನು ಹರಿಸಿದರೆ, ಕಂಬಕ್ಕೆ ತಾಗಿದ ಗಡ್ಡೆಕೋಶ ಅಲ್ಲಿಯೇ ಅಂಟಿಕೊಳ್ಳುತ್ತದೆ, ರಕ್ತಕಣಗಳು ಹರಿದುಹೋಗುತ್ತವೆ.

ಈ ವಿಧಾನವನ್ನು ಪ್ರಸಿದ್ಧಿಗೆ ತಂದದ್ದು ಸಿಟಿಸಿ ಚಿಪ್. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮೆಹ್ಮೆತ್ ಟೋನರ್, ಡೇನಿಯಲ್ ಹೇಬರ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 2007ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಇದರ ಪ್ರಬಂಧದ ಮೊದಲ ಲೇಖಕಿ ಭಾರತೀಯ ಮೂಲದ ಸುನೀತಾ ನಾಗರತ್. ಇವರು ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇದೇ ಕ್ಷೇತ್ರದ ಸಂಶೋಧನೆಯನ್ನು ಮುಂದುವರಿಸಿದರು. ಆ ಸಿಲಿಕಾನ್ ಚಿಪ್ಪಿನಲ್ಲಿ ತಲಾ 100 ಮೈಕ್ರೋಮೀಟರ್ ವ್ಯಾಸದ 78,000 ಕಂಬಗಳಿದ್ದವು. 68 ರೋಗಿಗಳಿಂದ ಪಡೆದ 116 ರಕ್ತದ ಮಾದರಿಗಳಲ್ಲಿ 115ರಲ್ಲಿ ಗಡ್ಡೆಕೋಶಗಳು ಪತ್ತೆಯಾದವು. ಹಿಡಿದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಗಡ್ಡೆಕೋಶಗಳೇ ಆಗಿದ್ದವು. ಆದರೆ ಗಂಟೆಗೆ 1ರಿಂದ 2 ಮಿಲಿಲೀಟರ್ ರಕ್ತವನ್ನಷ್ಟೇ ಹಾಯಿಸಬೇಕಾಗಿದ್ದುದರಿಂದ 7.5 ಮಿಲಿಲೀಟರ್ ರಕ್ತಕ್ಕೆ ಸುಮಾರು ನಾಲ್ಕರಿಂದ ಏಳೂವರೆ ಗಂಟೆ ಹಿಡಿಯುತ್ತಿತ್ತು.

2010ರಲ್ಲಿ ಅದೇ ತಂಡವು ಕಂಬಗಳಿಗೆ ಬದಲಾಗಿ ಕಾಲುವೆಯ ಚಾವಣಿಯಲ್ಲಿ ಮೀನಿನ ಮುಳ್ಳಿನಾಕಾರದ ಗೀರುಗಳನ್ನು ಕೊರೆದ ಹೊಸ ಚಿಪ್ಪನ್ನು ಪ್ರಕಟಿಸಿತು. ಈ ಗೀರುಗಳು ಹರಿಯುವ ರಕ್ತವನ್ನು ನಿಧಾನವಾಗಿ ಮಗುಚುವುದರಿಂದ ಹೆಚ್ಚು ಕೋಶಗಳು ಗೋಡೆಗೆ ತಾಗುತ್ತವೆ. ಒಂಟಿ ಕೋಶಗಳಲ್ಲದೆ ಗಡ್ಡೆಕೋಶಗಳ ಗೊಂಚಲುಗಳೂ ಇದರಲ್ಲಿ ದೊರೆತವು.

ಗಾತ್ರ ಮತ್ತು ಮೆದುತನ

ಗಡ್ಡೆಕೋಶಗಳು ಸಾಮಾನ್ಯವಾಗಿ ರಕ್ತಕಣಗಳಿಗಿಂತ ದೊಡ್ಡವು, ಹಿಂಡಿದರೆ ಅಷ್ಟು ಸುಲಭವಾಗಿ ಬಾಗುವಂಥವಲ್ಲ. ಆದುದರಿಂದ ಕ್ರಮೇಣ ಕಿರಿದಾಗುವ ಸಂದಿಯ ಮೂಲಕ ರಕ್ತವನ್ನು ಹಾಯಿಸಿದರೆ ರಕ್ತಕಣಗಳು ನುಸುಳಿಹೋಗಿ ಗಡ್ಡೆಕೋಶಗಳು ಸಿಕ್ಕಿಬೀಳುತ್ತವೆ. ಬ್ರಿಟನ್ನಿನ ಆಂಗಲ್ ಸಂಸ್ಥೆಯ ಪಾರ್ಸಾರ್ಟಿಕ್ಸ್ ಎಂಬ ಸಾಧನ ಮೆಟ್ಟಿಲಿನಂತೆ ಕಿರಿದಾಗುತ್ತಾ ಹೋಗುವ ಸಂದಿಯನ್ನು ಬಳಸುತ್ತದೆ. ಇದಕ್ಕೆ ಪ್ರತಿಕಾಯ ಬೇಕಿಲ್ಲ. ಪ್ರವಾಹವನ್ನು ಹಿಮ್ಮುಖವಾಗಿ ಹರಿಸಿ, ಸಿಕ್ಕಿಬಿದ್ದ ಕೋಶಗಳನ್ನು ಮುಂದಿನ ಪರೀಕ್ಷೆಗಳಿಗಾಗಿ ಹೊರತೆಗೆಯಬಹುದು.

ನಿಯತ ಪಾರ್ಶ್ವ ಸ್ಥಾನಾಂತರ

ಇದರಲ್ಲಿ ಕಂಬಗಳ ಸಾಲುಗಳನ್ನು ಹರಿವಿನ ದಿಕ್ಕಿಗೆ ತುಸು ಓರೆಯಾಗಿ ನಿಲ್ಲಿಸಿರುತ್ತಾರೆ. ನಿರ್ದಿಷ್ಟ ಅಳತೆಗಿಂತ ಚಿಕ್ಕದಾದ ಕಣಗಳು ಕಂಬಗಳ ನಡುವೆ ಅಂಕುಡೊಂಕಾಗಿ ನುಸುಳಿ ಒಟ್ಟಿನಲ್ಲಿ ನೇರವಾಗಿಯೇ ಸಾಗುತ್ತವೆ. ದೊಡ್ಡ ಕಣಗಳು ಪ್ರತಿ ಕಂಬದಲ್ಲಿಯೂ ಒಂದೇ ಬದಿಗೆ ತಳ್ಳಲ್ಪಟ್ಟು ಕೊನೆಗೆ ಪಕ್ಕದ ಕಾಲುವೆಯನ್ನು ಸೇರುತ್ತವೆ. ಈ ತತ್ತ್ವವನ್ನು 2004ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದರು.

ಜಡತ್ವ ಕೇಂದ್ರೀಕರಣ ಮತ್ತು ಸುರುಳಿ ಕಾಲುವೆಗಳು

ಕೊಳವೆಯಲ್ಲಿ ವೇಗವಾಗಿ ಹರಿಯುವ ಕಣಗಳು ಎಲ್ಲೆಂದರಲ್ಲಿ ಇರದೆ ಗೋಡೆಯಿಂದ ನಿಶ್ಚಿತ ದೂರದಲ್ಲಿ ಸಾಲುಗೂಡುತ್ತವೆ ಎಂಬುದನ್ನು 1961ರಲ್ಲಿ ಸೆಗ್ರೆ ಮತ್ತು ಸಿಲ್ಬರ್‌ಬರ್ಗ್ ತೋರಿಸಿಕೊಟ್ಟರು. ಕಾಲುವೆಯನ್ನು ಸುರುಳಿಯಾಗಿ ಬಾಗಿಸಿದಾಗ ಮುಖ್ಯ ಹರಿವಿಗೆ ಅಡ್ಡಲಾಗಿ ಇನ್ನೊಂದು ಮೆಲುಹರಿವು ಏಳುತ್ತದೆ. ನದಿಯ ತಿರುವಿನಲ್ಲಿ ಹೊರದಂಡೆ ಕೊರೆಯುತ್ತಾ ಒಳದಂಡೆಯಲ್ಲಿ ಮರಳು ನಿಲ್ಲುವುದಕ್ಕೂ ಇಂತಹ ಅಡ್ಡಹರಿವೇ ಕಾರಣ. ಹಾನಗಲ್, ಸವಣೂರು ತಾಲ್ಲೂಕುಗಳಲ್ಲಿ ಹರಿಯುವ ವರದಾ ನದಿಯ ತಿರುವುಗಳಲ್ಲಿ ಕಾಣುವ ಈ ಕ್ರಿಯೆಯನ್ನು ಸುರುಳಿ ಚಿಪ್ಪು ಕೋಶಗಳ ಮಟ್ಟದಲ್ಲಿ ನಡೆಸುತ್ತದೆ ಎನ್ನಬಹುದು: ದೊಡ್ಡದಾದ ಗಡ್ಡೆಕೋಶಗಳು ಒಳಗೋಡೆಯ ಬಳಿ ಸಾಲುಗೂಡುತ್ತವೆ, ಚಿಕ್ಕ ರಕ್ತಕಣಗಳು ಹೊರಗೋಡೆಯತ್ತ ಸಾಗುತ್ತವೆ. ಸಿಂಗಪುರದಲ್ಲಿ ಚ್ವೀ ಟೆಕ್ ಲಿಮ್ ಅವರ ತಂಡ ಈ ವಿಧಾನವನ್ನು ಬೆಳೆಸಿತು. ಪ್ರತಿಕಾಯದ ವಿಧಾನಗಳಿಗಿಂತ ಇದು ಬಹಳ ವೇಗವಾದುದು.

ಸಂಯುಕ್ತ ವಿಧಾನ

2013ರಲ್ಲಿ ಬಾಸ್ಟನ್ನಿನ ತಂಡ ಪ್ರಕಟಿಸಿದ ಸಿಟಿಸಿ ಐಚಿಪ್ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಪಾರ್ಶ್ವ ಸ್ಥಾನಾಂತರದಿಂದ ಕೆಂಪು ಕಣಗಳನ್ನೂ ಕಿರುಬಿಲ್ಲೆಗಳನ್ನೂ ಹೊರಹಾಕಲಾಗುತ್ತದೆ. ಅನಂತರ ಉಳಿದ ಕೋಶಗಳನ್ನು ಜಡತ್ವದ ಬಲದಿಂದ ಒಂದೇ ಸಾಲಿಗೆ ತರಲಾಗುತ್ತದೆ. ಕೊನೆಗೆ, ಮೊದಲೇ ಸೂಕ್ಷ್ಮ ಕಾಂತೀಯ ಮಣಿಗಳನ್ನು ಅಂಟಿಸಿದ ಬಿಳಿ ಕಣಗಳನ್ನು ಅಯಸ್ಕಾಂತದಿಂದ ಪಕ್ಕಕ್ಕೆ ಸೆಳೆಯಲಾಗುತ್ತದೆ. ಹೀಗೆ ಗಡ್ಡೆಕೋಶವನ್ನು ಹಿಡಿಯುವ ಬದಲು ಉಳಿದೆಲ್ಲವನ್ನೂ ತೆಗೆದುಹಾಕುವುದರಿಂದ, ಗಡ್ಡೆಕೋಶದ ಮೇಲೆ ಯಾವ ಪ್ರೋಟೀನ್ ಇದೆಯೆಂಬುದು ಮೊದಲೇ ತಿಳಿದಿರಬೇಕಿಲ್ಲ.

ಗುರುತಿಸುವಿಕೆ

ಚಿಪ್ಪಿನಲ್ಲಿ ಸಿಕ್ಕ ಪ್ರತಿಯೊಂದು ಕೋಶವೂ ಗಡ್ಡೆಕೋಶವಲ್ಲ. ಖಚಿತಪಡಿಸಿಕೊಳ್ಳಲು ಹೊಳೆಯುವ ಬಣ್ಣಗಳನ್ನು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಅನುಸರಿಸುವ ಲಕ್ಷಣಗಳು ಹೀಗಿವೆ:

- ಡಿಎಪಿಐ ಎಂಬ ಬಣ್ಣ ಹಿಡಿಯಬೇಕು. ಅಂದರೆ ಕೋಶಕ್ಕೆ ಕೋಶಕೇಂದ್ರವಿರಬೇಕು.
- ಸೈಟೋಕೆರಾಟಿನ್ ಎಂಬ ಪ್ರೋಟೀನ್ ಇರಬೇಕು. ಇದು ಅಂಗಗಳ ಒಳಪದರದ ಕೋಶಗಳ ಗುರುತು.
- ಸಿಡಿ45 ಎಂಬ ಪ್ರೋಟೀನ್ ಇರಬಾರದು; ಇದು ಬಿಳಿ ರಕ್ತಕಣಗಳ ಗುರುತು.

ಗುರುತಿಸಿದ ಕೋಶಗಳ ವಂಶವಾಹಿಗಳನ್ನು ಓದಿ, ಗಡ್ಡೆಯಲ್ಲಿ ಯಾವ ಮಾರ್ಪಾಡುಗಳಾಗಿವೆ, ಯಾವ ಔಷಧಿಗೆ ಅದು ಬಗ್ಗಬಹುದು ಎಂಬುದನ್ನು ತಿಳಿಯುವ ಪ್ರಯತ್ನವೂ ನಡೆದಿದೆ.

ವೈದ್ಯಕೀಯ ಉಪಯೋಗ

ಗಡ್ಡೆಕೋಶಗಳ ಎಣಿಕೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಪಡೆದ ಮೊದಲ ವ್ಯವಸ್ಥೆ ಸೆಲ್‌ಸರ್ಚ್. ಇದು ಮೈಕ್ರೋಫ್ಲೂಯಿಡಿಕ್ ಚಿಪ್ಪಲ್ಲ. ಎಪ್‌ಕ್ಯಾಮ್ ಪ್ರತಿಕಾಯ ಲೇಪಿಸಿದ ಕಾಂತೀಯ ಕಣಗಳನ್ನು ಬಳಸುವ ಯಂತ್ರ. ಹರಡಿದ ಸ್ತನ ಕ್ಯಾನ್ಸರಿಗೆ 2004ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅನಂತರ ದೊಡ್ಡಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳಿಗೂ ವಿಸ್ತರಿಸಲಾಯಿತು. ಹರಡಿದ ಸ್ತನ ಕ್ಯಾನ್ಸರಿನ 177 ಮಹಿಳೆಯರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುನ್ನ 7.5 ಮಿಲಿಲೀಟರ್ ರಕ್ತದಲ್ಲಿ ಐದು ಅಥವಾ ಹೆಚ್ಚು ಗಡ್ಡೆಕೋಶಗಳಿದ್ದವರಲ್ಲಿ ಬದುಕುಳಿಯುವ ಅವಧಿಯ ಮಧ್ಯಾಂಕ 10.1 ತಿಂಗಳಾಗಿದ್ದರೆ, ಐದಕ್ಕಿಂತ ಕಡಿಮೆ ಇದ್ದವರಲ್ಲಿ ಅದು 18 ತಿಂಗಳಿಗಿಂತ ಹೆಚ್ಚಾಗಿತ್ತು. ಹೀಗೆ ರೋಗದ ಮುಂದಿನ ಗತಿಯನ್ನು ಅಂದಾಜು ಮಾಡಲು ಈ ಎಣಿಕೆ ನೆರವಾಗುತ್ತದೆ.

ಮೈಕ್ರೋಫ್ಲೂಯಿಡಿಕ್ ಸಾಧನಗಳಲ್ಲಿ ಪಾರ್ಸಾರ್ಟಿಕ್ಸಿಗೆ 2022ರ ಮೇ ತಿಂಗಳಿನಲ್ಲಿ ಅದೇ ಆಡಳಿತದಿಂದ ಅನುಮತಿ ದೊರೆಯಿತು. ಹರಡಿದ ಸ್ತನ ಕ್ಯಾನ್ಸರ್ ಇರುವವರ ರಕ್ತದಿಂದ ಗಡ್ಡೆಕೋಶಗಳನ್ನು ಸಂಗ್ರಹಿಸಿಕೊಡುವುದಕ್ಕೆ ಈ ಅನುಮತಿ ಸೀಮಿತವಾಗಿದೆ.

ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಔಷಧಿಯ ಆಯ್ಕೆಗೂ ಗಡ್ಡೆಕೋಶಗಳು ನೆರವಾಗಬಲ್ಲವು. ಎಆರ್-ವಿ7 ಎಂಬ ಮಾರ್ಪಾಡು ಗಡ್ಡೆಕೋಶಗಳಲ್ಲಿ ಕಂಡುಬಂದ ರೋಗಿಗಳಿಗೆ ಎನ್ಜಲೂಟಮೈಡ್ ಮತ್ತು ಅಬಿರಾಟೆರೋನ್ ಎಂಬ ಔಷಧಿಗಳು ಫಲಕೊಡುವುದು ವಿರಳವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗೊಂಚಲಾಗಿ ಸಂಚರಿಸುವ ಗಡ್ಡೆಕೋಶಗಳಿಗೆ ಒಂಟಿ ಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚು ಹರಡುವ ಸಾಮರ್ಥ್ಯವಿರುವುದು ಕಂಡುಬಂದಿತು.

ಮಿತಿಗಳು

ಎಪ್‌ಕ್ಯಾಮನ್ನು ನೆಚ್ಚಿದ ವಿಧಾನಗಳ ಮುಖ್ಯ ಕೊರತೆ ಗಡ್ಡೆಕೋಶಗಳ ವೇಷಾಂತರ. ಮೂಲ ಗಡ್ಡೆಯನ್ನು ಬಿಟ್ಟು ಹೊರಡುವಾಗ ಕೆಲವು ಕೋಶಗಳು ತಮ್ಮ ಒಳಪದರದ ಲಕ್ಷಣಗಳನ್ನು ಕಳೆದುಕೊಂಡು ಸಂಚಾರಕ್ಕೆ ಅನುಕೂಲವಾದ ರೂಪವನ್ನು ತಾಳುತ್ತವೆ. ಆಗ ಅವುಗಳ ಮೇಲಿನ ಎಪ್‌ಕ್ಯಾಮ್ ಕಡಿಮೆಯಾಗಿ ಅವು ಚಿಪ್ಪಿಗೆ ಅಂಟುವುದಿಲ್ಲ. ಹೆಚ್ಚು ಅಪಾಯಕಾರಿಯಾದ ಕೋಶಗಳೇ ಹೀಗೆ ತಪ್ಪಿಸಿಕೊಳ್ಳುವ ಸಂಭವವಿದೆ. ಗಾತ್ರವನ್ನು ಆಧರಿಸಿದ ವಿಧಾನಗಳಲ್ಲಿ ಚಿಕ್ಕ ಗಡ್ಡೆಕೋಶಗಳು ಕೈತಪ್ಪುತ್ತವೆ, ದೊಡ್ಡ ಬಿಳಿ ಕಣಗಳು ಬೆರೆತುಕೊಳ್ಳುತ್ತವೆ.

ಎಣಿಕೆ ತಿಳಿದ ಮಾತ್ರಕ್ಕೆ ರೋಗಿಗೆ ಪ್ರಯೋಜನವಾಗುವುದೇ ಎಂಬ ಪ್ರಶ್ನೆಯೂ ಇದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಮೊದಲ ಸುತ್ತಿನ ಕಿಮೋಥೆರಪಿಯ ಅನಂತರವೂ ಗಡ್ಡೆಕೋಶಗಳು ಇಳಿಯದಿದ್ದವರಿಗೆ ಕೂಡಲೇ ಔಷಧಿ ಬದಲಿಸಿದರೆ ಒಳಿತಾಗುವುದೇ ಎಂದು ಅಮೆರಿಕದಲ್ಲಿ ನಡೆದ ಎಸ್0500 ಎಂಬ ಪ್ರಯೋಗ ಪರೀಕ್ಷಿಸಿತು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಔಷಧಿ ಬದಲಿಸಿದವರಿಗೂ ಬದಲಿಸದವರಿಗೂ ಬದುಕುಳಿಯುವ ಅವಧಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೋಶಗಳು ಇಳಿಯದಿರುವುದು ರೋಗ ತೀವ್ರವಾಗಿದೆ ಎಂಬುದನ್ನು ಸರಿಯಾಗಿಯೇ ಸೂಚಿಸಿತು. ಆದರೆ ಬದಲಿಸಿ ಕೊಟ್ಟ ಕಿಮೋಥೆರಪಿಗೆ ಆ ಗತಿಯನ್ನು ತಿರುಗಿಸುವ ಶಕ್ತಿ ಇರಲಿಲ್ಲ.

ಮೂರನೆಯದಾಗಿ, ಆರಂಭದ ಹಂತದ ಕ್ಯಾನ್ಸರಿನಲ್ಲಿ ಗಡ್ಡೆಕೋಶಗಳು ಇನ್ನೂ ವಿರಳ. 7.5 ಮಿಲಿಲೀಟರಿನಲ್ಲಿ ಒಂದೂ ಸಿಗದಿದ್ದರೆ ಕ್ಯಾನ್ಸರ್ ಇಲ್ಲವೆಂದು ಅರ್ಥವಲ್ಲ. ಆದುದರಿಂದ ರೋಗನಿರ್ಣಯಕ್ಕೆ ಅಂಗಾಂಶದ ಬಯಾಪ್ಸಿಯೇ ಇಂದಿಗೂ ಪ್ರಮಾಣ.

ಭಾರತ ಮತ್ತು ಕರ್ನಾಟಕದಲ್ಲಿ

ಪುಣೆಯ ಆಕ್ಟೋರಿಯಸ್ ಸಂಸ್ಥೆಯ ಆಂಕೋಡಿಸ್ಕವರ್ ಎಂಬ ಪರೀಕ್ಷೆ ಭಾರತದಲ್ಲಿ ರೂಪುಗೊಂಡು ಕೇಂದ್ರ ಔಷಧ ನಿಯಂತ್ರಕರ ಪರವಾನಗಿ ಪಡೆದಿದೆ. ಇದು ಎಪ್‌ಕ್ಯಾಮ್ ಪ್ರತಿಕಾಯವನ್ನು ಹೊತ್ತ ಕಾಂತೀಯ ಸೂಕ್ಷ್ಮಕಣಗಳನ್ನು ಬಳಸುತ್ತದೆ. ಚಿಪ್ಪುಗಳ ತಯಾರಿಕೆಗೆ ಧೂಳುರಹಿತ ಕೊಠಡಿ, ಬೆಳಕಿನಿಂದ ಅಚ್ಚು ಮೂಡಿಸುವ ಯಂತ್ರ ಮೊದಲಾದ ದುಬಾರಿ ಸೌಲಭ್ಯಗಳು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇಂತಹ ಸೌಲಭ್ಯವಿದ್ದು, ಕೇಂದ್ರ ಸರ್ಕಾರದ ಯೋಜನೆಯೊಂದರ ಅಡಿಯಲ್ಲಿ ಇತರ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಅದನ್ನು ಬಳಸಲು ಅವಕಾಶವಿದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಉತ್ತರ ಕರ್ನಾಟಕದ ರೋಗಿಗಳಿಗೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಅದೇ ನಗರದ ಕಿಮ್ಸ್ ಆಸ್ಪತ್ರೆ ಹತ್ತಿರದ ಕೇಂದ್ರಗಳು.

ಹಾವೇರಿ ಜಿಲ್ಲೆಯ ಸಂದರ್ಭ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಮುಖ್ಯವಾಗಿ ಕೃಷಿಯನ್ನು ಅವಲಂಬಿಸಿವೆ. ಹಾನಗಲ್ಲಿನ ಕಡೆ ಅಡಿಕೆಯ ತೋಟಗಳಿವೆ. ಸವಣೂರು ವೀಳ್ಯದೆಲೆಗೆ ಹೆಸರಾಗಿದೆ. ಎಲೆ ಅಡಿಕೆ ಈ ಭಾಗದ ಆತಿಥ್ಯದ, ಶುಭಕಾರ್ಯಗಳ ಅಂಗ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನೂ, ತಂಬಾಕು ಸೇರಿದ ಅಥವಾ ಸೇರದ ಎಲೆ ಅಡಿಕೆಯ ತಾಂಬೂಲವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಯಿತು. ಭಾರತದ ಪುರುಷರಲ್ಲಿ ಕಂಡುಬರುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ.

ಗಡ್ಡೆಕೋಶಗಳ ಪರೀಕ್ಷೆಯನ್ನು ಇಂತಹ ಪ್ರದೇಶಕ್ಕೆ ತಲುಪಿಸುವಲ್ಲಿ ಮೂರು ಸಂಗತಿಗಳು ಮುಖ್ಯವಾಗುತ್ತವೆ.

ಮೊದಲನೆಯದು ರಕ್ತದ ಸಾಗಣೆ. ಸಾಮಾನ್ಯ ಇಡಿಟಿಎ ನಳಿಕೆಯಲ್ಲಿ ಸಂಗ್ರಹಿಸಿದ ರಕ್ತವನ್ನು ಕೆಲವೇ ಗಂಟೆಗಳೊಳಗೆ ಪರೀಕ್ಷಿಸದಿದ್ದರೆ ಗಡ್ಡೆಕೋಶಗಳು ಕೆಡತೊಡಗುತ್ತವೆ. ಹಾವೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 340 ಕಿಲೋಮೀಟರ್. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಶಿಗ್ಗಾಂವಿಗಿಂತ ಹೆದ್ದಾರಿಯಿಂದ ಒಳಗಿರುವ ಹಾನಗಲ್, ಹಿರೇಕೆರೂರುಗಳಿಂದ ಮಾದರಿ ತಲುಪುವುದು ಇನ್ನೂ ತಡ. ಸೆಲ್‌ಸರ್ಚ್ ವ್ಯವಸ್ಥೆಯ ವಿಶೇಷ ನಳಿಕೆಯಲ್ಲಿ ಸಂರಕ್ಷಕ ದ್ರವ್ಯವಿರುವುದರಿಂದ ರಕ್ತವನ್ನು 96 ಗಂಟೆಗಳವರೆಗೆ ಇಡಬಹುದು. ಆದರೆ ಉಷ್ಣತೆ 15ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬೇಸಿಗೆಯಲ್ಲಿ ಈ ಭಾಗದ ಹಗಲಿನ ಬಿಸಿ ಇದನ್ನು ಮೀರುತ್ತದೆ. ಮೇಲಾಗಿ, ಸಂರಕ್ಷಕವು ಕೋಶಗಳನ್ನು ಸ್ಥಿರಗೊಳಿಸುವುದರಿಂದ ಅವನ್ನು ಎಣಿಸಬಹುದೇ ಹೊರತು ಜೀವಂತವಾಗಿ ಬೆಳೆಸಲು ಬರುವುದಿಲ್ಲ. ಚಿಪ್ಪನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಬಳಸುವಂತಾದರೆ ಈ ತೊಡಕು ನಿವಾರಣೆಯಾಗುತ್ತದೆ. ಸಂಶೋಧಕರು ಚಿಕ್ಕದಾದ, ಪರಿಣತರ ನೆರವು ಹೆಚ್ಚು ಬೇಡದ ಸಾಧನಗಳತ್ತ ಗಮನ ಹರಿಸಿರುವುದಕ್ಕೆ ಇದೊಂದು ಕಾರಣ.

ಎರಡನೆಯದು ಕ್ಯಾನ್ಸರಿನ ಬಗೆ. ಸಿಟಿಸಿ ಪರೀಕ್ಷೆಗಳಲ್ಲಿ ಹೆಚ್ಚಿನವು ಸ್ತನ, ಪ್ರಾಸ್ಟೇಟ್, ಕರುಳಿನ ಕ್ಯಾನ್ಸರುಗಳ ಮೇಲೆ ರೂಪುಗೊಂಡವು. ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ಎಪ್‌ಕ್ಯಾಮ್ ಪ್ರಮಾಣ ಗಡ್ಡೆಯಿಂದ ಗಡ್ಡೆಗೆ ಬದಲಾಗುತ್ತದೆ. ರೋಗವೂ ಬಹುಕಾಲ ಕತ್ತಿನ ದುಗ್ಧಗ್ರಂಥಿಗಳ ಮಟ್ಟದಲ್ಲಿಯೇ ಇರುತ್ತದೆ. ಆದುದರಿಂದ ಇಲ್ಲಿ ಗಾತ್ರವನ್ನು ಆಧರಿಸಿದ ಚಿಪ್ಪುಗಳು ಹೆಚ್ಚು ಉಪಯುಕ್ತವಾಗಬಹುದೆಂಬ ನಿರೀಕ್ಷೆಯಿದೆ.

ಮೂರನೆಯದು ಪರೀಕ್ಷೆಯ ಕಾಲ. ಬಾಯಿಯ ಕ್ಯಾನ್ಸರ್ ಕಣ್ಣಿಗೆ ಕಾಣುವ ರೋಗ. ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವು ಎಚ್ಚರಿಕೆಯ ಲಕ್ಷಣಗಳು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದರೆ ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಕಡಿಮೆಯಾಗುತ್ತದೆ ಎಂಬುದನ್ನು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಸಿದ್ಧಪಡಿಸಿತು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ಮೀರಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಗೆ ಅವಕಾಶವಿದೆ. ಗಡ್ಡೆಕೋಶಗಳ ಚಿಪ್ಪು ಈ ತಪಾಸಣೆಗೆ ಬದಲಿಯಲ್ಲ. ರೋಗ ಪತ್ತೆಯಾದ ಬಳಿಕ ಅದರ ಗತಿಯನ್ನು ಅಂದಾಜು ಮಾಡುವುದು, ಪದೇ ಪದೇ ಅಂಗಾಂಶ ಕತ್ತರಿಸದೆ ಚಿಕಿತ್ಸೆಯ ಪರಿಣಾಮವನ್ನು ಗಮನಿಸುವುದು, ಮರುಕಳಿಕೆಯ ಸುಳಿವು ಪಡೆಯುವುದು ಇವುಗಳಲ್ಲಿ ಅದರ ಉಪಯೋಗವಿದೆ. ರಕ್ತದಲ್ಲಿ ಕೋಶಗಳು ಧಾರಾಳವಾಗಿ ಸಿಗುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಬಾಯಿಯ ಹುಣ್ಣನ್ನು ಮೊದಲ ವಾರಗಳಲ್ಲಿಯೇ ತೋರಿಸಿದವರಿಗೆ ಆ ಎಣಿಕೆಯ ಅಗತ್ಯವೇ ಬೀಳದಿರಬಹುದು.

ಸಂಬಂಧಿತ ವಿಧಾನಗಳು

ನಾಶವಾಗುವ ಗಡ್ಡೆಕೋಶಗಳಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳನ್ನು ಓದುವುದು ದ್ರವ ಬಯಾಪ್ಸಿಯ ಇನ್ನೊಂದು ಪ್ರಮುಖ ವಿಧಾನ. ಅದಕ್ಕೆ ಇಡೀ ಕೋಶ ಬೇಕಿಲ್ಲದಿರುವುದರಿಂದ ಮಾದರಿಯ ಸಾಗಣೆ ಸುಲಭ; ಔಷಧಿಯ ಆಯ್ಕೆಯಲ್ಲಿ ಅದರ ಬಳಕೆ ಸಿಟಿಸಿ ಪರೀಕ್ಷೆಗಿಂತ ಹೆಚ್ಚು ವ್ಯಾಪಕವಾಗಿದೆ. ಆದರೆ ತುಣುಕುಗಳಿಂದ ತಿಳಿಯದ ಸಂಗತಿಗಳು ಇಡೀ ಕೋಶದಿಂದ ತಿಳಿಯುತ್ತವೆ: ಅದರ ಆಕಾರ, ಮೇಲ್ಮೈಯ ಪ್ರೋಟೀನುಗಳು, ಔಷಧಿಗೆ ಅದು ತೋರುವ ಪ್ರತಿಕ್ರಿಯೆ. ಆದುದರಿಂದ ಇವೆರಡೂ ಒಂದಕ್ಕೊಂದು ಪೂರಕವೆಂದು ಪರಿಗಣಿಸಲಾಗುತ್ತದೆ.

ಇವನ್ನೂ ನೋಡಿ

- ಕ್ಯಾನ್ಸರ್
- ಬಯಾಪ್ಸಿ
- ಬಾಯಿಯ ಕ್ಯಾನ್ಸರ್
- ರಕ್ತ
- ಪ್ರತಿಕಾಯ
- ಹಾವೇರಿ ಜಿಲ್ಲೆ